ದನಿ ಕಟ್ಟಿದವರ ಕಫ ಯಾರು ನೋಡುತ್ತಾರೆ?

ಬೆಂಗಳೂರಿನಲ್ಲಿ ಗಂಟಲು ಕಟ್ಟಿದರೆ ಕಾರಣ ಹುಡುಕುವ ಶ್ರಮವೇ ಬೇಡ. ಮೆಟ್ರೊ ಕಾಮಗಾರಿಯ ಧೂಳು, ಪಾರ್ಥೇನಿಯಂ ಪರಾಗ, ನವೆಂಬರಿನ ಚಳಿ, ನಿನ್ನೆ ರಾತ್ರಿ ತಿಂದ ಗೋಬಿ ಮಂಚೂರಿ. ಯಾವುದಾದರೂ ಒಂದರ ಮೇಲೆ ತಪ್ಪು ಹೊರಿಸಿದರಾಯಿತು. ಮೊದಲ ವಾರ ಉಪ್ಪುನೀರು, ಎರಡನೇ ವಾರ ಮೆಡಿಕಲ್ ಶಾಪಿನವರು ಕೊಟ್ಟ ಅಜಿಥ್ರೊಮೈಸಿನ್, ಮೂರನೇ ವಾರ ಅಲರ್ಜಿ ಮಾತ್ರೆ, ಆಮೇಲೆ 'ಆಸಿಡ್ ಮೇಲಕ್ಕೆ ಬರ್ತಿದೆ' ಎಂದು ಪ್ಯಾಂಟೊಪ್ರಜೋಲ್. ಹೀಗೇ ಎರಡು ಮೂರು ತಿಂಗಳು ಸರಿದ ಮೇಲೆ ಇಎನ್‌ಟಿ ವೈದ್ಯರು ಎಂಡೋಸ್ಕೋಪ್ ಇಳಿಸಿ ನೋಡಿದರೆ ಸ್ವರತಂತುವಿನ ಮೇಲೊಂದು ಬಿಳಿಚಿದ ಹುಣ್ಣು, ಇಲ್ಲವೇ ಗಡ್ಡೆಯಂಥದ್ದು. ಅಲ್ಲಿಂದ ಎಲ್ಲರ ಮನಸ್ಸೂ ಓಡುವುದು ಒಂದೇ ಕಡೆ: ಕ್ಯಾನ್ಸರ್.

ವಯಸ್ಸಾದ, ಬೀಡಿ ಸೇದುವ ಮನುಷ್ಯನಲ್ಲಿ ಆ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ನೋಟ ಕ್ಷಯದ್ದೂ ಆಗಿರಬಹುದು. ಧ್ವನಿಪೆಟ್ಟಿಗೆಯ ಕ್ಷಯ ಅಪರೂಪ. ಒಟ್ಟು ಕ್ಷಯ ಪ್ರಕರಣಗಳಲ್ಲಿ ಅದರ ಪಾಲು ಶೇ 1ಕ್ಕಿಂತ ಕಡಿಮೆ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಕ್ಷಯರೋಗಿಗಳು ನೋಂದಣಿಯಾಗುವ ದೇಶದಲ್ಲಿ ಅಪರೂಪ ಎಂಬ ಮಾತಿನ ಅರ್ಥವೇ ಬೇರೆ. ಇಲ್ಲಿ ಚೂರುಪಾರು ಎಂದರೂ ಸಾವಿರಗಳ ಲೆಕ್ಕ.

ಈ ರೋಗವನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ಬೇಕಾದ ಪರೀಕ್ಷೆಗಳೆಲ್ಲ ನಗರದಲ್ಲಿವೆ, ಸರ್ಕಾರಿ ವ್ಯವಸ್ಥೆಯಲ್ಲಿ ಪುಕ್ಕಟೆಯಾಗಿಯೂ ಇವೆ. ತೊಂದರೆ ಇರುವುದು ಪ್ರಶ್ನೆ ಕೇಳುವ ಜಾಗದಲ್ಲಿ. ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಕೇಳುವುದು ಏನು? "ಅಮ್ಮಾ, ಮನೇಲಿ ಯಾರಿಗಾದ್ರೂ ಎರಡು ವಾರದಿಂದ ಕೆಮ್ಮು ಇದ್ಯಾ? ಜ್ವರ? ತೂಕ ಇಳಿದಿದ್ಯಾ? ಕಫದಲ್ಲಿ ರಕ್ತ?" ದನಿ ಬದಲಾಗಿದೆಯೇ ಎಂಬುದು ಆ ಪಟ್ಟಿಯಲ್ಲಿಲ್ಲ. ಇತ್ತ ಇಎನ್‌ಟಿ ಒಪಿಡಿಯಲ್ಲಿ ದನಿಯ ಬಗ್ಗೆ, ತಂಬಾಕಿನ ಬಗ್ಗೆ ಕೂಲಂಕಷವಾಗಿ ವಿಚಾರಿಸುತ್ತಾರೆ. ಕಫ ಪರೀಕ್ಷೆಯ ಚೀಟಿ ಬರೆಯುವುದಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಎಸ್‌ಡಿಎಸ್ ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೂ ನಿಮ್ಹಾನ್ಸ್‌ನ ಆಸುಪಾಸಿನಲ್ಲೇ ಇವೆ. ಈ ರೋಗಿಗೆ ಮಾತ್ರ ಒಂದು ಒಪಿಡಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ತಿಂಗಳುಗಟ್ಟಲೆ ಉದ್ದ.

ಕಾಯಿಲೆ ಜಾಗ ಬದಲಿಸಿದ್ದು

ಔಷಧವೇ ಇಲ್ಲದ ಕಾಲದಲ್ಲಿ ಇದು ಅಪರೂಪವಾಗಿರಲಿಲ್ಲ. ಶ್ವಾಸಕೋಶದಲ್ಲಿ ದೊಡ್ಡ ಕುಳಿ ಬಿದ್ದವರು ಸ್ಯಾನಟೋರಿಯಂ ಮಂಚದ ಮೇಲೆ ಮಲಗಿಯೇ ದಿನ ಕಳೆಯುತ್ತಿದ್ದರು. ಬ್ಯಾಕ್ಟೀರಿಯಾ ತುಂಬಿದ ಕಫ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗದಲ್ಲಿ, ಸ್ವರತಂತುಗಳನ್ನು ಹಿಡಿದಿರುವ ಎರಡು ಅರಿಟಿನಾಯ್ಡ್ ಮೃದ್ವಸ್ಥಿಗಳ (ಮೆದು ಮೂಳೆಗಳ) ನಡುವೆ ನಿಲ್ಲುತ್ತಿತ್ತು. ಹುಣ್ಣು ಅಲ್ಲೇ ಏಳುತ್ತಿತ್ತು. ಎಪಿಗ್ಲಾಟಿಸ್ (ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮುಚ್ಚುವ ಮುಚ್ಚಳ) ಪೇಟದಂತೆ ಊದಿಕೊಳ್ಳುವುದು, ಸ್ವರತಂತುವಿನ ಅಂಚು ಇಲಿ ಕಡಿದಂತೆ ಕಾಣುವುದು ಎಂಬ ವರ್ಣನೆಗಳೆಲ್ಲ ಆ ಕಾಲದವು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬಂದ ಮೇಲೆ ಚಿತ್ರ ಬದಲಾಯಿತು.

ಈಗ ಹೆಚ್ಚಾಗಿ ಹಿಡಿಯುವುದು ಸ್ವರತಂತುವನ್ನೇ, ಅದೂ ಒಂದೇ ಬದಿಯಲ್ಲಿ ಇರಬಹುದು. ಕಫದಿಂದ ನೇರವಾಗಿ ಅಂಟುವುದಲ್ಲದೆ ರಕ್ತ, ದುಗ್ಧರಸದ ಮೂಲಕವೂ ಅಲ್ಲಿಗೆ ತಲುಪುತ್ತದೆ. ಹಾಗಾಗಿ ಎದೆಯ ಎಕ್ಸ್‌ರೇ ಪೂರ್ತಿ ಸ್ವಚ್ಛವಾಗಿರುವ ರೋಗಿಗಳೂ ಸಿಗುತ್ತಾರೆ. ಕೃಶ ದೇಹ, ಸಂಜೆ ಜ್ವರ, ರಕ್ತ ಕಾರುವ ಕೆಮ್ಮು ಎಂಬ ಹಳೆಯ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಕಾದವರಿಗೆ ಇದು ಸಿಕ್ಕುವುದಿಲ್ಲ. ಮಾತಾಡುವಾಗ ಸ್ವರತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸಬೇಕು. ಅಂಚಿನಲ್ಲಿ ಸಾಸಿವೆಕಾಳಿನಷ್ಟು ಊತವಿದ್ದರೂ ದನಿ ಒಡೆಯುತ್ತದೆ. ಅಂದರೆ ಈ ಜಾಗದ ರೋಗ ಬೇಗ ಸುಳಿವು ಕೊಡುತ್ತದೆ. ತಡ ಮಾಡುವವರು ನಾವು.

ಎರಡನೇ ಸುಳಿವು ನುಂಗುವಾಗಿನ ನೋವು. ಮುದ್ದೆ ಉಣ್ಣುವ ಸೀಮೆಯಲ್ಲಿ ಇದನ್ನು ಕೇಳಿ ತಿಳಿಯುವುದು ಸುಲಭ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವಂಥದ್ದು. ದಿನಾ ಎರಡು ಮುದ್ದೆ ಸಲೀಸಾಗಿ ಇಳಿಸುತ್ತಿದ್ದವರು ಗಂಜಿಗೆ, ಮೆತ್ತಗೆ ಕಲಸಿದ ಅನ್ನಕ್ಕೆ ಇಳಿದಿದ್ದಾರೆ, ಎಂಜಲು ನುಂಗಿದರೂ ಕಿವಿಗೆ ಚಳಕು ಹೊಡೆಯುತ್ತದೆ ಎನ್ನುತ್ತಾರೆ ಎಂದರೆ ಅಲ್ಲಿ ಹುಣ್ಣಿರಬಹುದು. ಕಿವಿಯಲ್ಲಿ ಏನೂ ಇರುವುದಿಲ್ಲ. ಗಂಟಲಿಗೂ ಕಿವಿಗೂ ಕವಲು ಕೊಡುವ ವೇಗಸ್ ನರದ ಕಿತಾಪತಿ ಅದು. ಕಿವಿಗೆ ಡ್ರಾಪ್ಸ್ ಹಾಕಿಸಿಕೊಂಡು ಅಲೆದವರು ಕಡಿಮೆಯಿಲ್ಲ.

ಮೊದಲು ಕಫ, ಆಮೇಲೆ ಚಾಕು

ದನಿ ಕಟ್ಟಿ ಮೂರು ವಾರ ದಾಟಿದರೆ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಲೇಬೇಕು. ನೋಡದೆ ಇನ್ನೊಂದು ಕೋರ್ಸ್ ಆಂಟಿಬಯಾಟಿಕ್ ಬರೆಯುವುದು ತಪ್ಪು. ಅದರಲ್ಲೂ ಲೀವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ನಂಥವನ್ನು ಕೈಗೆತ್ತಿಕೊಳ್ಳಬಾರದು. ಅವು ಕ್ಷಯದ ಬ್ಯಾಕ್ಟೀರಿಯಾವನ್ನು ಅರ್ಧಂಬರ್ಧ ಹತ್ತಿಕ್ಕುತ್ತವೆ, ನಾಲ್ಕು ದಿನ ಹಾಯೆನಿಸುತ್ತವೆ, ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ, ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಲೂ ಹಾದಿ ಮಾಡುತ್ತವೆ. ಊತ ಇಳಿಸಲೆಂದು ಕೊಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದೂ ಹಾಗೆಯೇ: ವಾರದ ಮಟ್ಟಿಗೆ ದನಿ ತಿಳಿಯಾಗುತ್ತದೆ, ಒಳಗೆ ರೋಗ ಬೆಳೆಯುತ್ತದೆ. ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಲ್ಲಿ ಇನ್ನೊಂದು ಗೊಂದಲ. ಇನ್‌ಹೇಲರ್‌ನಿಂದಲೇ ದನಿ ಒಡೆಯಬಹುದು, ಫಂಗಸ್ ಬಿಳಿ ಪದರ ಕಟ್ಟಬಹುದು. ಕ್ಷಯದ ಹುಣ್ಣೂ ಬಿಳಿಯಾಗಿಯೇ ಕಾಣುತ್ತದೆ.

ಸ್ಕೋಪಿನಲ್ಲಿ ಕಂಡದ್ದರಿಂದಲೇ ತೀರ್ಪು ಕೊಡಲಾಗದು. ಹುಣ್ಣು, ಪಾಲಿಪ್, ಬರೀ ಕೆಂಪೂತ, ಹೂಕೋಸಿನಂಥ ಗಡ್ಡೆ, ಎಲ್ಲ ವೇಷದಲ್ಲೂ ಕ್ಷಯ ಬರುತ್ತದೆ. ಒಲವು ಹೇಳಬಹುದು ಅಷ್ಟೆ. ಒಂದಕ್ಕಿಂತ ಹೆಚ್ಚು ಕಡೆ ಹುಣ್ಣಿದ್ದು ಸ್ವರತಂತು ಇನ್ನೂ ಅಲುಗಾಡುತ್ತಿದ್ದರೆ, ನೋಟಕ್ಕೆ ಮೀರಿದ ನೋವಿದ್ದರೆ, ಸಿಟಿ ಸ್ಕ್ಯಾನಿನಲ್ಲಿ ಮೃದ್ವಸ್ಥಿ ತಿಂದುಹೋಗಿಲ್ಲದಿದ್ದರೆ ಕ್ಷಯದ ಕಡೆ ತೂಕ. ಪೆಟ್-ಸಿಟಿ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕ್ಯಾನ್ಸರೂ ಹೊಳೆಯುತ್ತದೆ, ಕ್ಷಯವೂ ಹೊಳೆಯುತ್ತದೆ. ಅಷ್ಟು ದುಡ್ಡು ಖರ್ಚು ಮಾಡುವ ಮುಂಚೆ ಒಂದು ಡಬ್ಬಿ ಕಫ ಕೇಳಬಹುದಿತ್ತು.

ಬಯಾಪ್ಸಿಗೆ ದಿನ ಗೊತ್ತು ಮಾಡುವ ಮೊದಲೇ ಎದೆಯ ಎಕ್ಸ್‌ರೇ, ಎರಡು ಕಫದ ಮಾದರಿ, ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆ ಆಗಿಬಿಡಬೇಕು. ಕಫ ಎಂದರೆ ಎಂಜಲಲ್ಲ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮೂರು ನಾಲ್ಕು ಸಲ ದೀರ್ಘ ಉಸಿರೆಳೆದು, ಆಳದಿಂದ ಕೆಮ್ಮಿ ತೆಗೆದದ್ದು, 2ರಿಂದ 5 ಮಿಲಿ. ಬಯಲಲ್ಲಿ ನಿಂತು ತೆಗೆಯಬೇಕು, ಬಚ್ಚಲಲ್ಲೋ ಕಾರಿಡಾರಿನಲ್ಲೋ ಅಲ್ಲ. ಶ್ವಾಸಕೋಶದಲ್ಲೂ ರೋಗವಿರುವವರಲ್ಲಿ ಇಲ್ಲಿಗೇ ಉತ್ತರ ಸಿಗುತ್ತದೆ. ಸ್ಲೈಡ್ ಪರೀಕ್ಷೆಯಲ್ಲಿ ಕಾಣಬೇಕಾದರೆ ಒಂದು ಮಿಲಿಗೆ 5,000ದಿಂದ 10,000 ಬ್ಯಾಕ್ಟೀರಿಯಾ ಬೇಕು; ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರಕ್ಕೆ ನೂರು ಚಿಲ್ಲರೆ ಸಾಕು. ಸುಮಾರು ಎರಡು ಗಂಟೆಯಲ್ಲಿ ರೋಗ ಇದೆಯೇ, ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎರಡನ್ನೂ ಹೇಳುತ್ತದೆ. ಇದೇ ಕೆಲಸ ಮಾಡುವ ಟ್ರೂನಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಬ್ಯಾಟರಿಯಲ್ಲಿ ಓಡುವ ಈ ಯಂತ್ರಕ್ಕೆ ಎಸಿ ಕೋಣೆಯೂ ಬೇಕಿಲ್ಲ.

ಮಂಟೂ ಚರ್ಮ ಪರೀಕ್ಷೆ, 'ಟಿಬಿ ಗೋಲ್ಡ್' ರಕ್ತ ಪರೀಕ್ಷೆಗಳನ್ನು ಇಲ್ಲಿ ಮಾಡಿಸುವುದು ವ್ಯರ್ಥ. ಅವು ದೇಹಕ್ಕೆ ಎಂದೋ ಸೋಂಕು ತಗುಲಿದೆ ಎನ್ನುತ್ತವೆ, ರೋಗವಿದೆ ಎನ್ನುವುದಿಲ್ಲ. ಕ್ಷಯಕ್ಕೆಂದು ಮಾಡುತ್ತಿದ್ದ ರಕ್ತದ ಆಂಟಿಬಾಡಿ ಪರೀಕ್ಷೆಯನ್ನಂತೂ ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಎರಡನೇ ಡಬ್ಬಿ

ಕಫದಲ್ಲಿ ಕ್ಷಯ ಸಿಕ್ಕಿತೆಂದು ಬಯಾಪ್ಸಿಯನ್ನು ಕೈಬಿಡಬಹುದೇ? ರೋಗಿ ಚಿಕ್ಕ ವಯಸ್ಸಿನವರಾಗಿ, ಹುಣ್ಣು ಸೌಮ್ಯವಾಗಿದ್ದರೆ ಚಿಕಿತ್ಸೆ ಶುರು ಮಾಡಿ ಕೆಲವು ವಾರ ಕಣ್ಣಿಟ್ಟು ನೋಡುವುದು ನ್ಯಾಯ. ತಂಬಾಕಿನ ಚಟವಿದ್ದು ಸ್ವರತಂತು ಸೆಟೆದು ನಿಂತಿದ್ದರೆ, ಕುತ್ತಿಗೆಯಲ್ಲಿ ಗಂಟಿದ್ದರೆ, ಬಿಡುವಂತಿಲ್ಲ. ಒಬ್ಬರಲ್ಲೇ ಎರಡೂ ರೋಗ ಕೂಡಿ ಇರಬಹುದು. ಇದಕ್ಕಿಂತ ಕೆಟ್ಟದ್ದು ತಲೆಕೆಳಗಾದ ಕ್ರಮ: ಯಾವ ಪುರಾವೆಯೂ ಇಲ್ಲದೆ 'ನೋಡೋಣ' ಎಂದು ಎರಡು ತಿಂಗಳು ಕ್ಷಯದ ಮಾತ್ರೆ ಕೊಡುವುದು. ಅದು ಕ್ಯಾನ್ಸರ್ ಆಗಿದ್ದರೆ ದನಿ ಉಳಿಸಬಹುದಾಗಿದ್ದ ಎರಡು ತಿಂಗಳು ಅಲ್ಲಿಗೆ ಹೋಯಿತು.

ಬಯಾಪ್ಸಿಯಲ್ಲಿ ಎಡವುವುದು ಎರಡು ಕಡೆ. ಒಂದು, ಮೇಲ್ಮೈಯಿಂದ ಚಿವುಟಿದ ತೆಳು ಚೂರು. ಕ್ಷಯದ ಗಂಟುಗಳು ಲೋಳೆಪೊರೆಯ ಅಡಿಯಲ್ಲಿರುತ್ತವೆ. ಅವುಗಳ ಮೇಲಿನ ಪದರ ರೇಗಿ ದಪ್ಪವಾಗಿ ಬೆರಳಿನಂತೆ ಕೆಳಕ್ಕೆ ಇಳಿದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಪದರವೊಂದನ್ನೇ ನೋಡಿದರೆ ಸ್ಕ್ವಾಮಸ್ ಕ್ಯಾನ್ಸರ್ ಎಂದು ಮೋಸ ಹೋಗಬಹುದು. ಅದಕ್ಕೇ ಆಳದಿಂದ, ಒಂದಕ್ಕಿಂತ ಹೆಚ್ಚು ಕಡೆಯಿಂದ ಚೂರು ತೆಗೆಯಬೇಕು. ಪೆಥಾಲಜಿ ಚೀಟಿಯಲ್ಲಿ 'ಧ್ವನಿಪೆಟ್ಟಿಗೆಯ ಗಡ್ಡೆ' ಎಂದಷ್ಟೇ ಗೀಚದೆ 'ಕ್ಷಯದ ಶಂಕೆಯೂ ಇದೆ' ಎಂದು ಬರೆಯಬೇಕು.

ಇನ್ನೊಂದು ಎಡವಟ್ಟು ಇದಕ್ಕಿಂತ ಸಣ್ಣದು, ನಷ್ಟ ಮಾತ್ರ ದೊಡ್ಡದು. ಆಪರೇಷನ್ ಥಿಯೇಟರಿನ ಟ್ರಾಲಿ ಮೇಲೆ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿ ಮೊದಲೇ ತಯಾರಿರುತ್ತದೆ. ಫೋರ್ಸೆಪ್ಸಿನ ತುದಿಯಲ್ಲಿ ಬಂದ ಅಕ್ಕಿಕಾಳಿನ ಗಾತ್ರದ ಚೂರುಗಳನ್ನೆಲ್ಲ ಸಿಸ್ಟರ್ ಅದರಲ್ಲೇ ಜಾಡಿಸುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಬ್ಯಾಕ್ಟೀರಿಯಾ ಸತ್ತಿತು. ಇನ್ನು ಅದನ್ನು ಕಲ್ಚರಿನಲ್ಲಿ ಬೆಳೆಸಲಾಗದು, ಯಾವ ಔಷಧ ನಾಟುತ್ತದೆಂದು ನೋಡಲಾಗದು, ಸಿಬಿನಾಟ್‌ನ ಸೂಕ್ಷ್ಮತೆಯೂ ಕುಗ್ಗುತ್ತದೆ. ವಾರದ ಮೇಲೆ 'ಗ್ರಾನುಲೋಮಾ ಇದೆ, ಕ್ಷಯ ಇರಬಹುದು' ಎಂಬ ವರದಿ ಬರುತ್ತದೆ, ಖಚಿತಪಡಿಸಿಕೊಳ್ಳಲು ಅಂಗಾಂಶವೇ ಉಳಿದಿರುವುದಿಲ್ಲ. ಗ್ರಾನುಲೋಮಾ ಎಂದರೆ ಉರಿಯೂತದ ಜೀವಕೋಶಗಳ ಗಂಟು, ಅದು ಕ್ಷಯದ ಸ್ವತ್ತೇನೂ ಅಲ್ಲ. ಸಾರ್ಕಾಯ್ಡ್, ಸಿಫಿಲಿಸ್, ಹಿಸ್ಟೊಪ್ಲಾಸ್ಮಾದಂಥ ಫಂಗಸ್ ಎಲ್ಲವೂ ಅದನ್ನು ಮಾಡುತ್ತವೆ. ಆಮೇಲೆ ರೋಗಿಗೆ ಮತ್ತೆ ಅರಿವಳಿಕೆ, ಮತ್ತೆ ಬಯಾಪ್ಸಿ.

ಪರಿಹಾರ ಕೆಲವೇ ರೂಪಾಯಿಯದು. ಟ್ರಾಲಿಯ ಮೇಲೆ ಎರಡನೇ ಡಬ್ಬಿ: ಸ್ಟೆರೈಲ್, ಬಿಗಿ ಮುಚ್ಚಳ, ಒಳಗೆ ಒಂದೆರಡು ಮಿಲಿ ನಾರ್ಮಲ್ ಸಲೈನ್. ಚೂರು ಒಣಗದಷ್ಟು ನೀರಿದ್ದರೆ ಸಾಕು, ಮುಳುಗಿ ತೇಲುವಷ್ಟು ಬೇಡ. ಮೊದಲ ಚೂರು ಸಲೈನಿಗೆ, ಆಮೇಲಿನವು ಫಾರ್ಮಲಿನ್‌ಗೆ. ಕ್ರಮ ತಿರುಗಿಸಿದರೆ ಫಾರ್ಮಲಿನ್ ತಾಗಿದ ಫೋರ್ಸೆಪ್ಸ್ ಸಲೈನಿನ ಚೂರನ್ನೂ ಕೆಡಿಸುತ್ತದೆ. ಡಬ್ಬಿಯ ಮೇಲೆಯೇ, ಮುಚ್ಚಳದ ಮೇಲಲ್ಲ, ಹೆಸರು, ದಿನಾಂಕ, 'ಸಲೈನ್, ಸಿಬಿನಾಟ್ ಮತ್ತು ಕಲ್ಚರ್' ಎಂದು ಬರೆಯಬೇಕು. ಅದೇ ದಿನ ಲ್ಯಾಬಿಗೆ ಹೋಗಬೇಕು. ತಡವಾದರೆ 2ರಿಂದ 8 ಡಿಗ್ರಿಯ ಫ್ರಿಡ್ಜಿನಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಶನಿವಾರ ಮಧ್ಯಾಹ್ನದ ಬಯಾಪ್ಸಿಗಳು ಹಾಳಾಗುವುದು ಬಹುತೇಕ ಇಲ್ಲೇ: ಡಬ್ಬಿ ಸರಿಯಿರುತ್ತದೆ, ಅದನ್ನು ಒಯ್ಯುವ ಮನುಷ್ಯನಿರುವುದಿಲ್ಲ.

ವರದಿ ಓದುವುದರಲ್ಲೂ ಎಚ್ಚರ ಬೇಕು. ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಕಡಿಮೆ. ಸಿಬಿನಾಟ್ ನೆಗೆಟಿವ್ ಬಂದರೆ ಕ್ಷಯವಿಲ್ಲ ಎಂದಲ್ಲ, ಕಲ್ಚರಿಗೆ ಕಾಯಬೇಕು. ದ್ರವ ಮಾಧ್ಯಮದಲ್ಲಿ ಆರು ವಾರದವರೆಗೂ ಆಗಬಹುದು. ಪಾಸಿಟಿವ್ ಬಂದು 'ರಿಫಾಂಪಿಸಿನ್ ಅನಿರ್ಧರಿತ' ಎಂದಿದ್ದರೆ ಇನ್ನೊಂದು ಮಾದರಿ ಕಳಿಸಬೇಕು. ಹಿಂದೆ ಕ್ಷಯದ ಚಿಕಿತ್ಸೆ ಪಡೆದವರಲ್ಲಿ 'ಟ್ರೇಸ್' (ಅತ್ಯಲ್ಪ ಅಂಶ) ಎಂದು ಬಂದರೆ ಅದು ಸತ್ತ ಬ್ಯಾಕ್ಟೀರಿಯಾದ ಅವಶೇಷವೂ ಆಗಿರಬಹುದು. ರಿಫಾಂಪಿಸಿನ್‌ಗೆ ಬಗ್ಗುತ್ತದೆ ಎಂದಾಕ್ಷಣ ಐಸೊನಿಯಾಜಿಡ್‌ಗೂ ಬಗ್ಗುತ್ತದೆಂದು ತಿಳಿಯಬಾರದು, ಅದಕ್ಕೆ ಲೈನ್ ಪ್ರೋಬ್ ಎಂಬ ಬೇರೆ ಜೀನ್ ಪರೀಕ್ಷೆ ಬೇಕು. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ದೇಶದ ರಾಷ್ಟ್ರೀಯ ರೆಫರೆನ್ಸ್ ಪ್ರಯೋಗಾಲಯಗಳಲ್ಲೊಂದು ಇದೆ. 1959ರಲ್ಲಿ ಹುಟ್ಟಿದ ಈ ಸಂಸ್ಥೆಯ ಅಧ್ಯಯನಗಳ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು.

ಹರಡುವುದಿಲ್ಲ ಎಂಬ ಸುಳ್ಳು ಸಮಾಧಾನ

ನೋಂದಣಿಯ ಲೆಕ್ಕದಲ್ಲಿ ಧ್ವನಿಪೆಟ್ಟಿಗೆ ಶ್ವಾಸಕೋಶವಲ್ಲ. ಹಾಗಾಗಿ ಕಾಗದದ ಮೇಲೆ ಇದು 'ಶ್ವಾಸಕೋಶೇತರ ಕ್ಷಯ' ಎಂದಾಗಬಹುದು, ಶ್ವಾಸಕೋಶೇತರ ಎಂದರೆ ಹರಡದು ಎಂಬ ರೂಢಿಯ ಮಾತೂ ಅದರ ಬೆನ್ನಿಗೇ ಬರುತ್ತದೆ. ಬೆನ್ನುಮೂಳೆಯ ಕ್ಷಯಕ್ಕೆ ಅದು ಸರಿ. ಇಲ್ಲಿ ಅಪ್ಪಟ ಸುಳ್ಳು. ಗಾಳಿ ಹೊರಹೋಗುವ ಬಾಗಿಲಲ್ಲೇ ಹುಣ್ಣಿದೆ. ಮಾತು, ಕೆಮ್ಮು, ಹಾಡು ಎಲ್ಲದರಲ್ಲೂ ಬ್ಯಾಕ್ಟೀರಿಯಾ ಗಾಳಿಗೆ ಸೇರುತ್ತದೆ.

ಇದರ ಮೊದಲ ಬಿಸಿ ತಟ್ಟುವುದು ಇಎನ್‌ಟಿ ಕೋಣೆಗೆ. ಹತ್ತಡಿ ಅಗಲದ ಕ್ಲಿನಿಕ್, ಕಿಟಕಿ ಮುಚ್ಚಿ ಸ್ಪ್ಲಿಟ್ ಎಸಿ. ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಅಲ್ಲಿ ಲಿಗ್ನೊಕೇನ್ ಸ್ಪ್ರೇ ಹೊಡೆದ ಕೂಡಲೇ ರೋಗಿ ಕೆಮ್ಮುತ್ತಾರೆ, ವೈದ್ಯರ ಮುಖ ಒಂದಡಿ ದೂರದಲ್ಲಿರುತ್ತದೆ. ಶಂಕೆಯಿದ್ದವರನ್ನು ಆ ದಿನದ ಕೊನೆಗೆ ಕರೆಯುವುದು, ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕುವುದು, ವೈದ್ಯರೂ ಸಿಸ್ಟರೂ ಎನ್-95 ಧರಿಸುವುದು, ಸರದಿಯಲ್ಲಿ ಕುಳಿತ ರೋಗಿಗೆ ಮಾಸ್ಕ್ ಕೊಡುವುದು. ಕೋವಿಡ್ ಕಾಲದಲ್ಲಿ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೆವು. ಸ್ಕೋಪನ್ನು ಮೊದಲು ತೊಳೆದು ಲೋಳೆ ತೆಗೆದು, ಆಮೇಲೆ ಶೇ 2ರ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಬೇಕು. ಇಬ್ಬರು ರೋಗಿಗಳ ನಡುವೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು.

ಮನೆಯವರನ್ನೂ ಶ್ವಾಸಕೋಶದ ಕ್ಷಯದವರ ಮನೆಯವರಂತೆಯೇ ತಪಾಸಣೆ ಮಾಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಮೊದಲ ಗಮನ; ರೋಗವಿಲ್ಲವೆಂದು ಖಚಿತವಾದರೆ ತಡೆ ಚಿಕಿತ್ಸೆ.

ಆರು ತಿಂಗಳ ಲೆಕ್ಕ

ಔಷಧ ಶ್ವಾಸಕೋಶದ ಕ್ಷಯದ್ದೇ. ಮೊದಲ 2 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬುಟಾಲ್ ನಾಲ್ಕೂ ಬೆರೆತ ಮಾತ್ರೆ. ಮುಂದಿನ 4 ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ದಿನವೂ, ತೂಕದ ಪ್ರಕಾರ: 35ರಿಂದ 49 ಕೆಜಿಯವರಿಗೆ ದಿನಕ್ಕೆ 3, 50ರಿಂದ 64 ಕೆಜಿಗೆ 4. ತಿಂಗಳಿಗೆ 28 ದಿನದ ಲೆಕ್ಕದಲ್ಲಿ 56 ಡೋಸ್, ಆಮೇಲೆ 112. ನರಗಳ ರಕ್ಷಣೆಗೆ ಪಿರಿಡಾಕ್ಸಿನ್. ಮೂತ್ರ ಕಿತ್ತಳೆ ಬಣ್ಣವಾಗುತ್ತದೆ, ಗಾಬರಿ ಬೇಡ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೇ ಮಾತ್ರೆ ನಿಲ್ಲಿಸುವವರಿದ್ದಾರೆ. ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಲಿವರ್ ಪರೀಕ್ಷೆ. ಲಕ್ಷಣಗಳಿದ್ದು ಎಸ್‌ಜಿಪಿಟಿ (ಲಿವರಿಗೆ ಆದ ಹಾನಿ ತೋರಿಸುವ ರಕ್ತ ಪರೀಕ್ಷೆ) ಮಾಮೂಲಿ ಮಿತಿಯ ಮೂರು ಪಟ್ಟು ಮೀರಿದರೆ, ಲಕ್ಷಣವಿಲ್ಲದಿದ್ದರೂ ಐದು ಪಟ್ಟು ಮೀರಿದರೆ ಔಷಧ ತಡೆಯಬೇಕು. ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯನ್ನೂ ಕೆಲವು ಸಕ್ಕರೆ ಮಾತ್ರೆಗಳನ್ನೂ ನಿಷ್ಫಲ ಮಾಡುತ್ತದೆ ಎಂಬುದನ್ನು ಕೇಳಿಸಿಕೊಳ್ಳದೆ ಪೇಚಿಗೆ ಸಿಲುಕಿದವರು ಬಹಳ.

ಈ ರೋಗಿಗಳಿಗೇ ಇರುವ ತಾಪತ್ರಯ ಬೇರೆ: ಮಾತ್ರೆ ದಪ್ಪ, ಗಂಟಲಲ್ಲಿ ಹುಣ್ಣು. 'ತಗೊಂಡ್ರಾ?' ಎಂದು ಫೋನಿನಲ್ಲಿ ಕೇಳಿದರೆ 'ಹ್ಞೂಂ' ಎನ್ನುತ್ತಾರೆ, ನಾಲ್ಕರಲ್ಲಿ ಎರಡೇ ಇಳಿದಿರುತ್ತದೆ. ಮೊದಲ ಎರಡು ವಾರ ಈ ಪ್ರಶ್ನೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ನೋವು ನಿವಾರಕವನ್ನು ಮುಂಚಿತವಾಗಿ ಕೊಡುವುದು, ಒಂದೊಂದೇ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ನುಂಗುವುದು, ತೀರಾ ಆಗದಿದ್ದರೆ ಕೆಲವು ದಿನ ಮೂಗಿನ ನಳಿಗೆ. ಪುಡಿ ಮಾಡಲೇಬೇಕಾದರೆ ವೈದ್ಯರನ್ನು ಕೇಳಿ, ಆಗಿಂದಾಗಲೇ. ಪುಡಿ ಮಾಡಿ ನಾಳೆಗೆಂದು ಇಡಬಾರದು.

ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಅದು ತುರ್ತು. ದಾರಿ ಕಿರಿದಾಗಿದೆ, ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ತೆರೆಯುವುದು) ಬೇಕಾಗಬಹುದು, ಆಸ್ಪತ್ರೆಗೆ ಸೇರಿಸಬೇಕು. ಉಳಿದಂತೆ ಚಾಕುವಿಗೆ ಇಲ್ಲಿ ಕೆಲಸವಿಲ್ಲ. ಗಡ್ಡೆ ಇದೆಯೆಂದು ಸ್ವರತಂತುವನ್ನು ಕೆರೆದು ತೆಗೆದರೆ ಮಾತ್ರೆಯಿಂದ ಮಾಯುತ್ತಿದ್ದ ಜಾಗದಲ್ಲಿ ಕಾಯಂ ಕಲೆ ಉಳಿಯುತ್ತದೆ.

ಖರ್ಚಿನ ಮಾತು. ಖಾಸಗಿ ವೈದ್ಯರ ಬಳಿ ಹೋದವರೂ ಸರ್ಕಾರದ ಕ್ಷಯರೋಗಿಗಳ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ನೋಂದಣಿಯಾಗಲೇಬೇಕು, 2012ರಿಂದ ಅದು ಕಡ್ಡಾಯ. ನೋಂದಣಿಯಾದರೆ ಪುಕ್ಕಟೆ ಔಷಧ, ಪುಕ್ಕಟೆ ಸಿಬಿನಾಟ್, ಜೊತೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ರೂ. 1,000, 2024ರ ನವೆಂಬರ್‌ವರೆಗೆ ಇದು ರೂ. 500 ಇತ್ತು. ಮಾಹಿತಿಗೆ 1800-11-6666. 2025ರೊಳಗೆ ಕ್ಷಯ ನಿರ್ಮೂಲನೆ ಎಂಬ ಗುರಿ ತಲುಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಭಾರತದಲ್ಲಿ ಲಕ್ಷ ಜನಕ್ಕೆ 2015ರಲ್ಲಿ 237 ಇದ್ದ ಹೊಸ ಪ್ರಕರಣಗಳು 2024ಕ್ಕೆ 187ಕ್ಕೆ ಇಳಿದಿವೆ. ಇಳಿದದ್ದು ನಿಜ, ಆದರೆ ಉಳಿದವರನ್ನು ಹುಡುಕಲು ಕೆಮ್ಮೊಂದನ್ನೇ ಕೇಳಿದರೆ ಸಾಲದು. ಪ್ರಶ್ನೆಪಟ್ಟಿಗೆ 'ಮೂರು ವಾರದಿಂದ ದನಿ ಕಟ್ಟಿದೆಯೇ' ಎಂಬ ಒಂದು ಸಾಲು ಸೇರಿಸಲು ಯಂತ್ರವೂ ಬೇಡ, ಬಜೆಟ್ಟೂ ಬೇಡ.

ಔಷಧ ನಾಟುತ್ತಿದ್ದರೆ ನುಂಗುವ ನೋವು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ದನಿ ಅದಕ್ಕಿಂತ ನಿಧಾನ. ಎರಡು ತಿಂಗಳಿಗೆ ಮತ್ತೆ ಸ್ಕೋಪ್ ಹಾಕಿ ಮೊದಲ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಹುಣ್ಣು ಮಾಯದಿದ್ದರೆ ಉಳಿಯುವುದು ಮೂರೇ ಅನುಮಾನ: ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಔಷಧಕ್ಕೆ ಬಗ್ಗದ ಕ್ಷಯ, ಅಥವಾ ಕ್ಯಾನ್ಸರ್. ಮೂರಕ್ಕೂ ಬೇರೆ ಬೇರೆ ಪರೀಕ್ಷೆ. 'ಇನ್ನೊಂದು ತಿಂಗಳು ನೋಡೋಣ' ಎಂಬುದು ಯಾವುದಕ್ಕೂ ಉತ್ತರವಲ್ಲ. ಹುಣ್ಣು ಪೂರ್ತಿ ಮಾಯ್ದರೂ ಕೆಲವರ ದನಿ ಒರಟಾಗಿಯೇ ಉಳಿಯುತ್ತದೆ. ಸ್ವರತಂತುವಿನ ಅಂಚು ಗಾಯದ ಕಲೆಯಿಂದ ಬಿರುಸಾಗಿರುತ್ತದೆ, ಅಥವಾ ಹಿಂಭಾಗದ ಕೀಲು ಬಿಗಿದುಕೊಂಡಿರುತ್ತದೆ. ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು, ತರಕಾರಿ ಕೂಗಿ ಮಾರುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅವರನ್ನು ಆರನೇ ತಿಂಗಳಲ್ಲಿ 'ಗುಣವಾಯ್ತು' ಎಂದು ಕಳಿಸಿಬಿಡದೆ ವಾಕ್ ಚಿಕಿತ್ಸಕರ ಬಳಿ ಕಳಿಸಬೇಕು. ಲಿಂಗರಾಜಪುರದ ಕಡೆ ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಗೆ ಹೋಗುವಾಗ ಎರಡೂ ಸ್ಕೋಪಿನ ಚಿತ್ರಗಳು, ಬಯಾಪ್ಸಿ ವರದಿ, ಚಿಕಿತ್ಸೆ ಮುಗಿದ ದಿನಾಂಕವಿರುವ ಟಿಬಿ ಕಾರ್ಡು ಕೈಯಲ್ಲಿರಲಿ.